ಬರಿಗಾಲಿಗೆ ವಿನಾಯಿತಿ

ಗೇಟಿನಲ್ಲಿ ಕೂತ ಬಸವಕುಮಾರ್ ಸರ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸ್ಟೀಲ್ ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕೂತರೆಂದರೆ, ಹೊಸಪೇಟೆಯ ಆ ಸಮುದಾಯ ಕಾಲೇಜಿನ ಮುನ್ನೂರು ಮಂದಿಯೂ ಅವರ ಮುಂದೆ ಹಾದೇ ಒಳಗೆ ಹೋಗಬೇಕು. ಕಪ್ಪು ಬೂಟು, ಬಿಳಿ ಸಾಕ್ಸು. ಬೇರೇನು ಕಂಡರೂ ಸ್ಕೇಲು ಅಡ್ಡ ಬರುತ್ತಿತ್ತು. ಅವರು ಪಾಠ ಮಾಡುತ್ತಿದ್ದ ವಿಷಯದ ಹೆಸರು 'ನಡತೆ ಮತ್ತು ಸಂವಹನ ಕೌಶಲ'. ಹುಡುಗರು ಅವರನ್ನು ನಡತೆ ಸರ್ ಎಂದೇ ಕರೆಯುತ್ತಿದ್ದರು, ಅವರಿಗೆ ಕೇಳಿಸದ ಹಾಗೆ.

ಗುರುವಾರ ಸ್ಕೇಲು ದುರುಗೇಶನ ಮೊಣಕಾಲಿಗೆ ಅಡ್ಡ ಬಂತು. ಅವನ ಬಲಗಾಲಿಗೆ ಕಪ್ಪು ಬೂಟಿತ್ತು. ಎಡಗಾಲಿಗೆ ಬೆರಳಿನಿಂದ ಹರಡಿನವರೆಗೆ ಬ್ಯಾಂಡೇಜು, ಅದರ ಕೆಳಗೆ ಅಪ್ಪನ ಹವಾಯಿ ಚಪ್ಪಲಿ.

"ನಿಲ್ಲಲೇ. ಬೂಟೆಲ್ಲಿ?"

"ಕಾಲು ಸುಟ್ಟೈತ್ರಿ ಸರ್."

"ನಿನ್ನೇನೂ ಇದನ್ನೇ ಹೇಳಿದಿ."

"ನಿನ್ನೇನೂ ಸುಟ್ಟಿತ್ರಿ."

ಹಿಂದೆ ಯಾರೋ ಕಿಸಕ್ಕೆಂದರು. ಅದೇ ತಪ್ಪಾಯಿತು. ಬಸವಕುಮಾರ್ ಸರ್ ಕುರ್ಚಿಯಲ್ಲಿ ನೆಟ್ಟಗಾದರು.

"ಬಾಯಿ ಭಾಳ ಐತಲ್ಲಲೇ ನಿಂದು. ಏಳನೇ ನಿಯಮ ಏನೈತಿ, ಹೇಳು."

ಇಪ್ಪತ್ತೆರಡು ನಿಯಮಗಳೂ ಎಲ್ಲರಿಗೂ ಬಾಯಿಪಾಠ ಇದ್ದವು. ಅವರ ಪರೀಕ್ಷೆಯಲ್ಲಿ ಅರ್ಧ ಅಂಕ ಅದಕ್ಕೇ. ದುರುಗೇಶ ಗೇಟಿನ ಸರಳು ಹಿಡಿದು, ಎಡಗಾಲು ಎತ್ತಿ ನಿಂತು ಹೇಳಿದ: "ತರಗತಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಪ್ಪು ಬೂಟು ಹಾಗೂ ಬಿಳಿ ಕಾಲುಚೀಲ ಧರಿಸತಕ್ಕದ್ದು."

"ಸುಟ್ಟೋರಿಗೆ ಬ್ಯಾರೆ ಅಂತ ಐತೇನು?"

"ಇಲ್ರಿ. ಡಾಕ್ಟರ್ ಚೀಟಿ ತಂದಿದ್ನೆಲ್ರೀ ಮೊನ್ನೆ."

"ಅವ ಡಾಕ್ಟರೇನಲೇ? ದನಕ್ಕೂ ಅವನೇ ಸೂಜಿ ಚುಚ್ಚತಾನ, ಮಂದಿಗೂ ಅವನೇ ಚುಚ್ಚತಾನ. ಸರ್ಕಾರಿ ಆಸ್ಪತ್ರಿ ಸೀಲ್ ತಗೊಂಬಾ. ಅಲ್ಲೀತನ ಆಬ್ಸೆಂಟು."

ಅಷ್ಟರಲ್ಲಿ ಕಪ್ಪು ಲುಂಗಿ, ಕಪ್ಪು ಅಂಗಿಯ ಮೂವರು ಬಂದರು. ಕೊರಳಲ್ಲಿ ಅಯ್ಯಪ್ಪನ ಮಾಲೆ, ಹಣೆಯಲ್ಲಿ ಗಂಧ, ಕಾಲಲ್ಲಿ ಏನೂ ಇಲ್ಲ. ಅವರಲ್ಲಿ ಒಬ್ಬ ಸಂಡೂರಿನ ಮಾರುತೇಶ, ವೆಲ್ಡಿಂಗ್ ಡಿಪ್ಲೊಮಾದಲ್ಲಿ ದುರುಗೇಶನ ಪಕ್ಕದ ಸೀಟಿನವನು. ಬಸವಕುಮಾರ್ ಸರ್ ಸ್ಕೇಲನ್ನು ಕುರ್ಚಿಯ ಕೆಳಗೆ ಇಟ್ಟು ಎದ್ದು ನಿಂತು ಎರಡೂ ಕೈ ಜೋಡಿಸಿದರು.

"ಬರ್ರಿ ಸ್ವಾಮಿ, ಬರ್ರಿ. ಜಲ್ದಿ ಹೋಗ್ರಿ, ಬೆಲ್ ಆಗಾಕತ್ತೈತಿ."

ಮೂರು ಜೊತೆ ಬರಿಗಾಲು ಒಳಗೆ ಹೋದವು. ಮಾರುತೇಶ ಒಮ್ಮೆ ತಿರುಗಿ ನೋಡಿದ, ಅಷ್ಟೇ.

ಕಾಲೇಜಿನ ಪ್ರತಿ ಕೋಣೆಯಲ್ಲೂ ನಿಯಮಗಳ ಬೋರ್ಡು ಇತ್ತು. ಮೇಲೆ ಟ್ರಸ್ಟಿನ ಅಧ್ಯಕ್ಷ ವಿರೂಪಾಕ್ಷಪ್ಪನವರ ಫೋಟೊ. ಕಂಪ್ಲಿಯಲ್ಲಿ ಅವರದು ಎರಡು ರೈಸ್ ಮಿಲ್ಲು. ಏಳನೇ ನಿಯಮದ ಕೆಳಗೆ ಹೋದ ವರ್ಷ ಅಂಟಿಸಿದ ಒಂದು ಚೀಟಿ: 'ಮಾಲಾಧಾರಿಗಳಿಗೆ ವಿನಾಯಿತಿ ಇದೆ.' ಹೋದ ವರ್ಷ ಇದೇ ಬಸವಕುಮಾರ್ ಸರ್ ಮಾಲೆ ಹಾಕಿದವರನ್ನೂ ತಡೆದಿದ್ದರು. ಹುಡುಗರು ಗೇಟಿನೆದುರು ಕೂತು ಭಜನೆ ಶುರು ಮಾಡಿದರು. ಅಧ್ಯಕ್ಷರು ಕಂಪ್ಲಿಯಿಂದ ಕಾರಿನಲ್ಲಿ ಬಂದು ಎಲ್ಲರ ಮುಂದೆ ಬೈದು, ಚೀಟಿ ಅಂಟಿಸಿಸಿ ಹೋದರು. ಅಂದಿನಿಂದ ಸರ್‌ಗೆ ಮಾಲೆ ಕಂಡರೆ ಕೈ ತಾವಾಗಿಯೇ ಕೂಡುತ್ತಿದ್ದವು.

ದುರುಗೇಶನ ಲೆಕ್ಕ ಸರಳವಾಗಿತ್ತು. ಶೇಕಡಾ ಎಪ್ಪತ್ತೈದು ಹಾಜರಿ ಇಲ್ಲದವರಿಗೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದವರಿಗೆ ಜನವರಿಯಲ್ಲಿ ಸ್ಟೀಲ್ ಕಂಪನಿಯ ಅಪ್ರೆಂಟಿಸ್ ಸಂದರ್ಶನವಿಲ್ಲ. ಕಾಲು ಸುಡುವ ಹೊತ್ತಿಗೆ ಅವನು ಇನ್ನು ತಪ್ಪಿಸಬಹುದಾಗಿದ್ದದ್ದು ಆರೇ ದಿನ. ಅದರಲ್ಲಿ ಸೋಮವಾರದಿಂದ ಈ ಗೇಟಿನಲ್ಲೇ ನಾಲ್ಕು ದಿನ ಹೋಗಿತ್ತು.

*

ಸುಟ್ಟದ್ದು ಭಾನುವಾರ. ಅವನ ಊರು ಕುರೆಕುಪ್ಪದ ಹೊರಗೆ ಒಂದು ಸಣ್ಣ ಸ್ಪಾಂಜ್ ಐರನ್ ಕಾರ್ಖಾನೆ ಇದೆ. ಅವನ ಅಪ್ಪ ಪಕ್ಕೀರಪ್ಪ ಅಲ್ಲಿ ಗುತ್ತಿಗೆದಾರ ಮಾಲತೇಶನ ಕೈಕೆಳಗೆ ಹನ್ನೊಂದು ವರ್ಷದಿಂದ ಕೂಲಿ. ದುರುಗೇಶ ಭಾನುವಾರಗಳಂದು ಮಾತ್ರ ಹೋಗುತ್ತಿದ್ದ. ಆ ದಿನ ಬೆಲ್ಟಿನ ಕೆಳಗೆ ಬಿದ್ದ ಇದ್ದಿಲ ಪುಡಿಯನ್ನು ಸಲಿಕೆಯಿಂದ ಎಳೆಯುವಾಗ, ಮೇಲೆ ಬೂದಿ, ಒಳಗೆ ಕೆಂಡ, ಅದು ಜಾರಿ ಅವನ ಗಮ್‌ಬೂಟಿನ ಒಳಗೆ ಇಳಿಯಿತು. ಬೂಟು ಕಿತ್ತು ತೆಗೆಯುವಾಗ ಬೂಟಿನ ಜೊತೆ ಚರ್ಮವೂ ಬಂತು.

ಮಾಲತೇಶ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದು ಆಸ್ಪತ್ರೆಗಲ್ಲ, ಊರಿನ ಸೂಜಿ ಡಾಕ್ಟರ ಹತ್ತಿರ. ಬ್ಯಾಂಡೇಜು ಕಟ್ಟಿಸಿ, ಹೊರಗೆ ಬಂದು, ಪಕ್ಕೀರಪ್ಪನ ಮುಂದೆಯೇ ಹೇಳಿದ.

"ಮನ್ಯಾಗ ಜಳಕದ ನೀರು ಚೆಲ್ಲಿತು ಅನ್ನು. ಸರ್ಕಾರಿ ಆಸ್ಪತ್ರಿಗೆ ಹೋದಿ ಅಂದ್ರ ಅವ್ರು ಪೊಲೀಸ್ರಿಗೆ ತಿಳಸ್ತಾರ. ಪೊಲೀಸ್ರು ಬಂದ್ರ ನಿಮ್ಮಪ್ಪನ ಗೇಟ್ ಪಾಸು ನಾನೇ ಹರೀಬೇಕಾಗ್ತೈತಿ. ನೋಡು, ನಿಂದು ನೀನು."

ಪಕ್ಕೀರಪ್ಪ ತಲೆಯಾಡಿಸಿದ. ಕಾಲಿಗಿಂತ ದುರುಗೇಶನನ್ನು ಸುಟ್ಟದ್ದು ಅಪ್ಪ ತಲೆಯಾಡಿಸಿದ ರೀತಿ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರೆ ಆಡಿಸುವ ಹಾಗೆ.

ಆದರೂ ಮಂಗಳವಾರ, ಗೇಟಿನಿಂದ ವಾಪಸು ಕಳಿಸಿದ ಮೇಲೆ, ಅವನು ಕುಂಟುತ್ತ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದ. ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ ನೋಡಿದರು. ಬಿಸಿನೀರು ಚೆಲ್ಲಿತ್ರಿ ಎಂದ. ಅವರು ಚಿಮಟದಿಂದ ಗಾಯದೊಳಗಿನ ಕರಿ ಚೂರೊಂದನ್ನು ತೆಗೆದು ಅವನ ಕಣ್ಣ ಮುಂದೆ ಹಿಡಿದರು.

"ನಿಮ್ಮನೇಲಿ ಇದ್ದಿಲು ಹಾಕಿ ನೀರು ಕಾಯಿಸ್ತೀರಾ? ನೀರೊಳಗೆ?"

ಅವನು ಆ ಚೂರಿನಿಂದ ಕಣ್ಣು ತೆಗೆದು ಬಾಗಿಲು ನೋಡಿದ.

"ಎಲ್ಲಿ ಸುಟ್ಟುಕೊಂಡೆ ಹೇಳು. ಇವತ್ತೇ ಅಡ್ಮಿಟ್ ಮಾಡ್ಕೋತೀನಿ, ಸರ್ಟಿಫಿಕೇಟೂ ಕೊಡ್ತೀನಿ. ನನ್ನ ಕೈಯಲ್ಲಿ ಸುಳ್ಳು ಮಾತ್ರ ಬರೆಸಬೇಡ."

ಚಹಾ ಕುಡಿದು ಬರ್ತೀನ್ರಿ ಎಂದು ಹೇಳಿ ಅವನು ಹೊರಗೆ ಬಂದ. ಹಿಂತಿರುಗಲಿಲ್ಲ.

*

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಮಾರುತೇಶ ಮತ್ತು ಹುಲಿಗೇಶ ಕಾಂಪೌಂಡಿನ ಹೊರಗೆ ಬಂದರು. ದುರುಗೇಶ ಅಲ್ಲೇ ಬೇವಿನ ಗಿಡದ ಕೆಳಗೆ ಕೂತಿದ್ದ. ಮನೆಗೆ ಹೋದರೆ ಅವ್ವ ಕೇಳುತ್ತಾಳೆ, ಅದಕ್ಕೆ. ಹುಲಿಗೇಶ ತರಗತಿಯ ತಮಾಷೆಗಾರ.

"ಲೇ ದುರುಗ್ಯಾ, ನೀನೂ ಒಂದು ಮಾಲಿ ಹಾಕ್ಕೊಂಬಿಡು. ಬೂಟಿನ ತ್ರಾಸೇ ಇಲ್ಲ. ಮ್ಯಾಲೆ ನಡತೆ ಸರ್ ನಿನಗ ನಮಸ್ಕಾರ ಬ್ಯಾರೆ ಹೊಡೀತಾನ. ಮಸ್ತ್ ಅಲ್ಲೇನು?"

ಮಾರುತೇಶನಿಗೆ ರೇಗಿತು. "ಸುಮ್ಕಿರಲೇ. ನಾ ಬೂಟು ತಪ್ಪಸಾಕ ಹಾಕ್ಕೊಂಡೀನೇನು? ನನ್ನ ತಂಗಿ ಜ್ವರ ಬಂದು ಬಳ್ಳಾರ್ಯಾಗ ಎಂಟು ದಿನ ಕಣ್ಣು ಬಿಟ್ಟಿರಲಿಲ್ಲ. ಆವಾಗ ಹರಕಿ ಹೊತ್ತಿದ್ದೆ."

"ತಮಾಷಿಗೆ ಅಂದ್ನೆಪ್ಪ, ಸ್ವಾಮಿ."

ದುರುಗೇಶ ತಮಾಷೆ ಎಂದುಕೊಳ್ಳಲಿಲ್ಲ. ಸಂಜೆ ಮಾರ್ಕೆಟ್ಟಿಗೆ ಹೋಗಿ ಒಂದು ಮಾಲೆ, ಒಂದು ಕಪ್ಪು ಲುಂಗಿ ಕೊಂಡ. ಬಸ್ ನಿಲ್ದಾಣದ ನಲ್ಲಿಯ ಹತ್ತಿರ ಮುಖ ತೊಳೆದು ಕೊರಳಿಗೆ ಹಾಕಿಕೊಂಡ. ದೇವರ ಮೇಲೆ ಅವನಿಗೆ ಭಕ್ತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟೆಲ್ಲ ಆ ಸ್ಕೇಲಿನ ಮೇಲೆ ಇತ್ತು.

ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವನ ಅವ್ವ ಜಂಬಕ್ಕ ಕೈ ನಿಲ್ಲಿಸಿದಳು.

"ಯಾರು ಹಾಕಿದ್ರು ಇದನ್ನ?"

"ನಾನೇ ಹಾಕ್ಕೊಂಡೆ."

"ನೀನೇ ಹಾಕ್ಕೊಂಡು ನೀನೇ ಬಿಚ್ಚಿಡಾಕ ಅದೇನು ಬೂಟಾ?"

ಸುಳ್ಳು ಹೇಳಿ ಅವನಿಗೆ ಸಾಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜಂಬಕ್ಕ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಅವನ ರಟ್ಟೆ ಹಿಡಿದು ಹುಸೇನಪ್ಪನ ಮನೆಗೆ ಎಳೆದುಕೊಂಡು ಹೋದಳು. ಹುಸೇನಪ್ಪ ಕ್ರೇನ್ ಆಪರೇಟರು; ಹದಿನೆಂಟು ಸಲ ಶಬರಿಮಲೆಗೆ ಹೋಗಿಬಂದ ಗುರುಸ್ವಾಮಿ. ಕುರೆಕುಪ್ಪದಲ್ಲಿ ಮಾಲೆ ಹಾಕಬೇಕಾದರೆ ಅವನ ಕೈಯಿಂದಲೇ ಹಾಕಿಸಿಕೊಳ್ಳಬೇಕು. ಅವನು ಆ ಮಾಲೆಯನ್ನು ಬಿಚ್ಚಿ, ದೇವರ ಮುಂದಿಟ್ಟು, ಮಂತ್ರ ಹೇಳಿ ಮತ್ತೆ ಹಾಕಿದ. ಕಾಲು ನೋಡಿದ.

"ಸ್ವಾಮಿ, ನೀನು ಎರಡು ಹೊತ್ತು ತಣ್ಣೀರು ಜಳಕ ಮಾಡಬ್ಯಾಡ. ಒದ್ದಿ ಅರಿವೀಲೆ ಮೈ ಒರಸ್ಕೊ, ಸಾಕು. ಅಯ್ಯಪ್ಪ ಏನೂ ಸಿಟ್ಟಾಗಂಗಿಲ್ಲ."

ಆದರೆ ಜಂಬಕ್ಕ ಒಪ್ಪಲಿಲ್ಲ. ಮಗ ಸುಳ್ಳಿಗೆ ಮಾಲೆ ಹಾಕಿದ್ದಾನೆ, ಇದು ಮನೆಗೆ ತಗಲುತ್ತದೆ ಎಂಬ ಹೆದರಿಕೆ ಅವಳಿಗೆ. "ಖರೇ ಭಕ್ತರಿಗಾದ್ರ ಒಂದು ತಪ್ಪಿದ್ರೂ ನಡೀತೈತಿ. ನಿನಗ ನಡ್ಯಂಗಿಲ್ಲ," ಎಂದಳು. ಬೆಳಗಿನ ಐದಕ್ಕೆ ಎಬ್ಬಿಸಿ, ತಾನೇ ನಿಂತು, ಡ್ರಮ್ಮಿನ ತಣ್ಣೀರು ಹದಿನಾರು ಚೊಂಬು ಎಣಿಸಿ ಸುರಿದಳು. ಸಂಜೆ ಮತ್ತೆ. ಬ್ಯಾಂಡೇಜು ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುತ್ತಿತ್ತು. ಮಾಲೆ ಹಾಕಿದವನು ಚಪ್ಪಲಿಯನ್ನೂ ಮೆಟ್ಟುವಂತಿಲ್ಲ. ಕುರೆಕುಪ್ಪದ ರಸ್ತೆಯ ಮೇಲೆ ಸದಾ ಕೆಂಪು ಧೂಳು. ಮೂರನೇ ದಿನಕ್ಕೆ ಬ್ಯಾಂಡೇಜಿನ ಬಣ್ಣ ಯಾವುದು, ರಕ್ತ ಯಾವುದು, ಅದಿರಿನ ಧೂಳು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಕಾಲಿಗೆ ಬೂಟು ಬೇಡವೆಂದು ಹಾಕಿಕೊಂಡ ಮಾಲೆ ಆ ಕಾಲನ್ನೇ ತಿನ್ನಲು ಶುರು ಮಾಡಿತ್ತು.

*

ಶುಕ್ರವಾರ ಗೇಟಿನಲ್ಲಿ ಬಸವಕುಮಾರ್ ಸರ್ ಮೊದಲು ಬರಿಗಾಲು ನೋಡಿದರು. ಆಮೇಲೆ ಲುಂಗಿ. ಆಮೇಲೆ, ಐದು ದಿನಗಳಲ್ಲಿ ಮೊದಲ ಸಲ, ಮುಖ.

"ಓಹೋ, ದುರುಗೇಶ್ ಸ್ವಾಮಿ! ಚಲೋ ಆತು ನೋಡ್ರಿ. ಇನ್ನ ಮ್ಯಾಲೆ ನಿಮಗೂ ಒಂದು ಶಿಸ್ತು ಬರ್ತೈತಿ. ಬರ್ರಿ, ಬರ್ರಿ."

ಅದೇ ಬ್ಯಾಂಡೇಜು. ಅದೇ ಕಾಲು. ದುರುಗೇಶ ಒಳಗೆ ಹೋದ. ಬೈಸಿಕೊಂಡಾಗ ಬಂದಿದ್ದ ಸಿಟ್ಟು ಈ 'ರಿ' ಎಂಬ ಒಂದು ಅಕ್ಷರಕ್ಕೆ ಬಂದ ಸಿಟ್ಟಿನ ಮುಂದೆ ಏನೂ ಅಲ್ಲ ಅನ್ನಿಸಿತು. ಬೈದಾಗ ಅವರಿಗೆ ಕಾಲು ಕಾಣಲಿಲ್ಲ ಎಂದುಕೊಳ್ಳಬಹುದಿತ್ತು. ಈಗ ಕಂಡಿದೆ. ಕಂಡೂ ನಮಸ್ಕಾರ ಮಾಡುತ್ತಿದ್ದಾರೆ.

ಹಾಜರಿ ಬಿತ್ತು. ಶನಿವಾರ ಬಿತ್ತು. ಸೋಮ, ಮಂಗಳ, ಬುಧ ಬಿತ್ತು. ನಡತೆಯ ಪೀರಿಯಡ್ಡಿನಲ್ಲಿ ಸರ್ ಕೂರುವ ಭಂಗಿ, ಕೈ ಕುಲುಕುವ ಬಗೆ, ಸಂದರ್ಶನದಲ್ಲಿ ನಗುವ ಬಗೆ ಹೇಳಿಕೊಟ್ಟರು. "ಎದುರಿನೋರ ಕಷ್ಟ ತಿಳ್ಕೊಳ್ಳೋದೇ ಸಂವಹನದ ಮೊದಲ್ನೇ ಗುಣ," ಎಂದು ಬರೆಸಿದರು. ದುರುಗೇಶ ಅದನ್ನು ಬರೆದುಕೊಂಡ. ಅವನಿಗೆ ಆಗಲೇ ಜ್ವರ ಇತ್ತು. ಅಕ್ಷರ ಅಲ್ಲಾಡುತ್ತಿತ್ತು.

ವೆಲ್ಡಿಂಗ್ ಶೆಡ್ಡಿನಲ್ಲಿ ಮಾರುತೇಶ ಬರಿಗಾಲಲ್ಲಿ ನಿಂತು ಬೆಸುಗೆಯ ಸೀಮು ಎಳೆಯುತ್ತಿದ್ದ. ಕಿಡಿಗಳು ಅವನ ಹೆಬ್ಬೆರಳಿನ ಪಕ್ಕದಲ್ಲೇ ಬಿದ್ದು ಆರುತ್ತಿದ್ದವು. ಶೆಡ್ಡಿನ ಮೇಸ್ಟ್ರು ಲಿಂಗರಾಜ್ ಎರಡು ಸಲ ಗೊಣಗಿದರು: "ಇಲ್ಲಿ ಬೂಟು ಇರೋದು ಶೋಕಿಗಲ್ಲಪ್ಪ." ಗೊಣಗಿ, ಗೋಡೆಯ ಮೇಲಿನ ಚೀಟಿ ನೋಡಿ ಸುಮ್ಮನಾದರು. ಪ್ರತಿ ಕಿಡಿಗೂ ದುರುಗೇಶನ ಎಡಗಾಲು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು.

"ಕಾಲು ನಾರಾಕತ್ತೈತಲೇ," ಮಾರುತೇಶ ಮೆಲ್ಲಗೆ ಹೇಳಿದ. "ಸ್ವಾಮಿ ಅಂತ ಅನ್ನಬೇಕು ನಿನಗ, ಆದ್ರ ಹೇಳ್ತೀನಿ, ಆಸ್ಪತ್ರಿಗೆ ಹೋಗಲೇ."

"ಹಾಜರಿ ಮುಗೀಲಿ."

*

ಮುಂದಿನ ಶನಿವಾರ ಅಧ್ಯಕ್ಷ ವಿರೂಪಾಕ್ಷಪ್ಪನವರು ಕಾಲೇಜಿನ ಮಾಲಾಧಾರಿಗಳಿಗೆಲ್ಲ ಭಿಕ್ಷೆ ಇಟ್ಟುಕೊಂಡರು. ಕಂಪ್ಲಿಯಿಂದ ಅವರದೇ ಮಿಲ್ಲಿನ ಅಕ್ಕಿ ಬಂತು. ದೊಡ್ಡ ತರಗತಿಯ ಬೆಂಚುಗಳನ್ನೆಲ್ಲ ಹಿಂದಕ್ಕೆ ಸರಿಸಿ, ಮುಂದೆ ಹದಿನಾಲ್ಕು ಮಣೆ ಹಾಕಿದರು. ಊಟಕ್ಕೆ ಮೊದಲು ಸ್ವಾಮಿಗಳ ಪಾದಪೂಜೆ ಆಗಬೇಕು. ಅಧ್ಯಕ್ಷರಿಗೆ ಬಗ್ಗಲು ಆಗುವುದಿಲ್ಲ. ಅವರು ಪಕ್ಕದಲ್ಲಿ ನಿಂತು ಹೂವು ಹಾಕುವುದು, ಬಸವಕುಮಾರ್ ಸರ್ ಹಿತ್ತಾಳೆಯ ಪರಾತದಲ್ಲಿ ಕಾಲು ತೊಳೆಯುವುದು ಎಂದಾಯಿತು. ಉಳಿದ ಹುಡುಗ ಹುಡುಗಿಯರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಪ್ರಿನ್ಸಿಪಾಲ್ ಸುವರ್ಣಮ್ಮ ಮೇಡಂ ಫೋಟೊ ತೆಗೆಸುತ್ತಿದ್ದರು.

ದುರುಗೇಶನ ಮಣೆ ಒಂಬತ್ತನೆಯದು. ಸರ್ ಅವನ ಮುಂದೆ ಮೊಣಕಾಲೂರಿದರು. ಬಲಗಾಲು ತೊಳೆದರು. ಅರಿಶಿನ, ಕುಂಕುಮ. ಆಮೇಲೆ ಎಡಗಾಲು.

"ಸ್ವಾಮಿ, ಈ ಅರಿವಿ ಬಿಚ್ಚಬೇಕಲ್ರಿ. ಅರಿವಿ ಮ್ಯಾಲೆ ಪೂಜಿ ಮಾಡಾಕ ಬರಂಗಿಲ್ಲ."

"ಬ್ಯಾಡ್ರಿ ಸರ್."

"ಅಧ್ಯಕ್ಷರು ನಿಂತಾರ್ರಿ. ಇಷ್ಟೇ, ಒಂದು ನಿಮಿಷ."

ದುರುಗೇಶ ಕಾಲು ಎಳೆದುಕೊಳ್ಳುವ ಮೊದಲೇ ಅವರು ಗಂಟು ಬಿಚ್ಚಿದ್ದರು. ಬಟ್ಟೆ ಗಾಯಕ್ಕೆ ಅಂಟಿತ್ತು. ಅವರು ಎಳೆದರು.

ಕೋಣೆಯಲ್ಲಿ ಮೊದಲು ಎದ್ದದ್ದು ವಾಸನೆ. ಗೋಡೆಗೆ ನಿಂತಿದ್ದ ಹುಡುಗಿಯೊಬ್ಬಳು ಮೂಗಿಗೆ ದುಪಟ್ಟಾ ಒತ್ತಿದಳು. ಹರಡಿನಿಂದ ಕಿರುಬೆರಳಿನವರೆಗೆ ಹಸಿರು ಕೀವು, ಅದರ ನಡುವೆ ಕರಿ ಇದ್ದಿಲ ಚೂರು, ಕಿರುಬೆರಳು ಪೂರ್ತಿ ಕಪ್ಪು. ಸರ್ ಕೈಯ ಚೊಂಬಿನಿಂದ ಅರಿಶಿನದ ನೀರು ಅದರ ಮೇಲೆ ಬಿತ್ತು. ದುರುಗೇಶ ಕೂಗಿದ. ಕಾಲು ತಾನಾಗಿ ಒದೆಯಿತು. ಪರಾತ ಮಗುಚಿ, ನೀರೆಲ್ಲ ಅಧ್ಯಕ್ಷರ ಬಿಳಿ ಪಂಚೆಯ ಮೇಲೆ ಹೋಯಿತು.

"ಅಯ್ಯೋ ಸ್ವಾಮಿ!" ಬಸವಕುಮಾರ್ ಸರ್ ನೆಲದಲ್ಲೇ ಕೂತು ಹೇಳಿದರು. "ಇಷ್ಟು ಆಗೈತಲ್ರಿ! ಮೊದಲೇ ಯಾಕ ಹೇಳ್ಲಿಲ್ರಿ?"

ದುರುಗೇಶ ಮಣೆಯ ಮೇಲೆ ಎದ್ದು ನಿಂತ. ಒಂದು ಕಾಲಲ್ಲಿ. ಜ್ವರಕ್ಕೋ ಸಿಟ್ಟಿಗೋ ಹಲ್ಲು ಕಟಕಟ ಎನ್ನುತ್ತಿತ್ತು.

"ಹೇಳ್ಲಿಲ್ಲೇನ್ರಿ? ಸೋಮವಾರ ಹೇಳ್ದೆ. ಮಂಗಳವಾರ ಹೇಳ್ದೆ. ಬುಧವಾರ ಹೇಳ್ದೆ. ಗುರುವಾರ ಗೇಟಿನಾಗ ಒಂಟಿ ಕಾಲಿಲೆ ನಿಂತು ಏಳನೇ ನಿಯಮ ಹೇಳ್ದೆ. ಆವಾಗ ನಾನು 'ಲೇ' ಇದ್ದೆ, ಈಗ 'ರಿ' ಆಗೀನಿ. ಕಾಲು ಅದೇ ಐತ್ರಿ ಸರ್! ನಿಮ್ಮ ಮುಂದ ಐತಿ ನೋಡ್ರಿ, ಅದೇ ಕಾಲು!"

"ದುರುಗೇಶ್, ಬಾಯಿ ಮುಚ್ಚು," ಎಂದರು ಸುವರ್ಣಮ್ಮ ಮೇಡಂ.

"ಮುಚ್ಚತೀನ್ರಿ. ಒಂದು ಮಾತು ಹೇಳಿ ಮುಚ್ಚತೀನಿ. ನಾನು ಭಕ್ತಿಗೆ ಹಾಕ್ಕೊಂಡಿಲ್ರಿ ಈ ಮಾಲಿ. ನಿಮ್ಮ ಗೇಟು ದಾಟಾಕ ಹಾಕ್ಕೊಂಡೀನಿ."

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಮಾಲೆ ಹಾಕಿದ್ದ ಇಬ್ಬರು ಎದ್ದು ಅವನ ಅಂಗಿ ಹಿಡಿದರು. ಅಧ್ಯಕ್ಷರು ಪಂಚೆ ಹಿಂಡುತ್ತ, "ದೇವರ ಹೆಸರಿನಾಗ ನಾಟಕ ಆಡ್ತೀಯೇನಲೇ?" ಎಂದರು. ಅಲ್ಲಿಗೆ ಅವನು ಮತ್ತೆ 'ಲೇ' ಆದ.

ಮಾರುತೇಶ ನಡುವೆ ನುಗ್ಗಿ ಆ ಇಬ್ಬರ ಕೈ ಬಿಡಿಸಿದ. "ಬಿಡ್ರಿ ಸ್ವಾಮಿ. ಒಂಬತ್ತು ದಿನದಿಂದ ಎರಡು ಹೊತ್ತು ತಣ್ಣೀರು ಹಾಕ್ಕೊಂಡಾನ ಈ ಕಾಲಿಲೆ. ನಮ್ಮಷ್ಟೇ ನೇಮ ಮಾಡ್ಯಾನ. ಅವ ಸುಳ್ಳು ಹೇಳಿದ್ದು ಸ್ವಾಮಿಗಲ್ಲ, ಸರ್‌ಗೆ."

ಯಾರಿಗೂ ಅದನ್ನು ಕೇಳುವ ಪುರಸೊತ್ತಿರಲಿಲ್ಲ. ಬಸವಕುಮಾರ್ ಸರ್ ಎದ್ದು ಕೈ ಒರೆಸಿಕೊಂಡರು. ಅಧ್ಯಕ್ಷರ ಮುಖ ನೋಡಿದರು. ಮುಖ ನೋಡಿ ತಮ್ಮ ಮುಖ ಬದಲಾಯಿಸಿಕೊಂಡರು.

"ಒಂದನೇ ನಿಯಮ ಹಿರಿಯರಿಗೆ ಮರ್ಯಾದಿ, ಹದಿನೆಂಟನೇ ನಿಯಮ ಖರೇ ಮಾತು, ಎರಡೂ ಮುರದೀ. ಒಂದು ವಾರ ಸಸ್ಪೆಂಡು. ತಪ್ಪೊಪ್ಪಿಗಿ ಬರಕೊಟ್ಟು ಒಳಗ ಬಾ."

ಒಂದು ವಾರ. ಅವನ ಹತ್ತಿರ ಉಳಿದಿದ್ದದ್ದು ಎರಡು ದಿನ. ಗೋಡೆಗೆ ನಿಂತಿದ್ದ ಹುಲಿಗೇಶ ತನ್ನ ಬೂಟಿನ ಲೇಸು ನೋಡುತ್ತಿದ್ದ.

*

ಮಾರುತೇಶನ ಬೈಕಿನಲ್ಲಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ದುರುಗೇಶ ಮಾಲೆ ತೆಗೆದು ಅವನ ಜೇಬಿಗೆ ಹಾಕಿದ. "ಹುಸೇನಪ್ಪನ ಕೈಗೆ ಕೊಡು. ಎಲ್ಲೂ ಎಸೀಬ್ಯಾಡ. ಅವ್ವ ಸಾಯ್ತಾಳ."

ಅದೇ ಡಾಕ್ಟರಮ್ಮ ಇದ್ದರು. ಕಾಲು ನೋಡಿದರು, ಆಮೇಲೆ ಅವನ ಮುಖ ನೋಡಿದರು.

"ಚಹಾ ಕುಡಿದಾಯ್ತಾ?"

"ಆತ್ರಿ."

"ಈಗಲಾದರೂ ಹೇಳ್ತೀಯಾ? ಕಿರುಬೆರಳು ಉಳಿಯಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಪಾದದ ಮಾತೇ ಆಡಬೇಕಿತ್ತು. ಎಲ್ಲಿ ಸುಟ್ಟದ್ದು?"

ಅವನಿಗೆ ಅಪ್ಪ ತಲೆಯಾಡಿಸಿದ್ದು ನೆನಪಾಯಿತು. ಸ್ಕೇಲು ನೆನಪಾಯಿತು. ಎರಡೂ ಒಂದೇ ಅಳತೆಯವು ಅನ್ನಿಸಿತು.

"ಬರ್ಕೊಳ್ರಿ ಮೇಡಂ," ಎಂದ. ಕಾರ್ಖಾನೆಯ ಹೆಸರು ಹೇಳಿದ. ಗುತ್ತಿಗೆದಾರ ಮಾಲತೇಶನ ಹೆಸರು, ಅವನ ಫೋನ್ ನಂಬರು ಹೇಳಿದ. ಭಾನುವಾರ, ಬೆಳಿಗ್ಗೆ ಹತ್ತೂಕಾಲು ಎಂದ. ಪೊಲೀಸ್ ಪೇದೆ ಬಂದು ಕೇಳಿದಾಗ ಅವನಿಗೂ ಅದನ್ನೇ, ಅದೇ ಕ್ರಮದಲ್ಲಿ, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ.

ಬೆರಳು ತೆಗೆದರು. ವಾರ್ಡಿನಲ್ಲಿ ಒಂಬತ್ತು ದಿನ ಇದ್ದ. ಜಂಬಕ್ಕ ದಿನಾ ರೊಟ್ಟಿ ಕಟ್ಟಿಕೊಂಡು ಬಂದು, ಮಂಚದ ಕೆಳಗೆ ಕೂತು, ಮಗನ ಕಾಲು ನೋಡದೆ ಎದ್ದು ಹೋಗುತ್ತಿದ್ದಳು. ತಣ್ಣೀರಿನ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಪಕ್ಕೀರಪ್ಪ ಬಂದದ್ದು ಒಂದೇ ಸಲ, ಐದನೇ ದಿನ. ಬಾಗಿಲಲ್ಲೇ ನಿಂತ.

"ನಿನ್ನ ಹಾಲ್ ಟಿಕೇಟು ನನ್ನ ಗೇಟ್ ಪಾಸ್ ತಿಂತಲೇ," ಎಂದ.

"ನನ್ನ ಬೆರಳು ಯಾರು ತಿಂದ್ರಪ್ಪ?"

ಈ ಸಲ ಪಕ್ಕೀರಪ್ಪ ತಲೆಯಾಡಿಸಲಿಲ್ಲ. ಹೋದ.

*

ಡಿಸೆಂಬರಿನ ಕೊನೆಯ ವಾರ ದುರುಗೇಶ ಸರ್ಕಾರಿ ಸೀಲು ಬಿದ್ದ ಸರ್ಟಿಫಿಕೇಟು ತೆಗೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದ. ಸುಟ್ಟ ದಿನದಿಂದ ಬಿಡುಗಡೆಯ ದಿನದವರೆಗೆ ರಜೆ ಎಂದು ಬರೆದಿತ್ತು. ಗೇಟಿನ ನಾಲ್ಕು ದಿನಗಳೂ, ಸಸ್ಪೆಂಡಿನ ವಾರವೂ ಅದರೊಳಗೆ ಬಂದವು. ಸುವರ್ಣಮ್ಮ ಮೇಡಂ ಎರಡು ಸಲ ಓದಿದರು. ತಡೆಯಲು ಅವರ ಹತ್ತಿರ ಯಾವ ನಿಯಮವೂ ಇರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಬಸವಕುಮಾರ್ ಸರ್ ಹೇಳಿದರು: "ಇದನ್ನ ಮೊದಲೇ ತಂದಿದ್ರ ಇಷ್ಟೆಲ್ಲ ಆಗ್ತಿತ್ತೇನಪ್ಪ?"

ದುರುಗೇಶ ಅವರ ಕಾಲು ನೋಡಿದ. ಕಪ್ಪು ಬೂಟು, ಪಾಲಿಶ್ ಹೊಳೆಯುತ್ತಿತ್ತು.

"ತಪ್ಪೊಪ್ಪಿಗೆ ಪತ್ರ ಇನ್ನೂ ಬಂದಿಲ್ಲ," ಎಂದರು ಮೇಡಂ. "ಹಾಲ್ ಟಿಕೆಟ್ ಕೊಡ್ತೀನಿ. ಆದ್ರೆ ಪತ್ರ ಬರದೆ ಹೋದ್ರೆ ನಡತೆ ಪ್ರಮಾಣಪತ್ರದಲ್ಲಿ 'ಉತ್ತಮ' ಅಂತ ಬರೆಯೋಕಾಗಲ್ಲ. 'ತೃಪ್ತಿಕರವಲ್ಲ' ಅಂತ ಬರೀಬೇಕಾಗತ್ತೆ. ಸಂದರ್ಶನದಲ್ಲಿ ಅದನ್ನೂ ನೋಡ್ತಾರೆ, ಯೋಚನೆ ಮಾಡು."

"ಹಂಗೇ ಬರೀರಿ ಮೇಡಂ."

"ಸಿಟ್ಟಿನಲ್ಲಿ ಹೇಳಬೇಡ."

"ಸಿಟ್ಟಿನಾಗೇ ಹೇಳಾಕತ್ತೀನ್ರಿ. ಬರೀರಿ."

ಹಾಲ್ ಟಿಕೆಟ್ ಜೇಬಿಗಿಟ್ಟುಕೊಂಡು ಶೆಡ್ಡಿನ ಕಡೆ ನಡೆದ. ಎಡಗಾಲಿಗೆ ಡಾಕ್ಟರಮ್ಮ ಬರೆದುಕೊಟ್ಟ ದಪ್ಪ ಸೋಲಿನ ಬೂಟು, ಒಳಗೆ ಕಿರುಬೆರಳಿನ ಜಾಗದಲ್ಲಿ ಹತ್ತಿ. ಲಿಂಗರಾಜ್ ಮೇಸ್ಟ್ರು ಚಹಾಕ್ಕೆ ಹೋಗಿದ್ದರು. ಮಾರುತೇಶ ಒಬ್ಬನೇ ಕಪ್ಪು ಲುಂಗಿ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ, ಮುಖಕ್ಕೆ ಶೀಲ್ಡ್ ಹಿಡಿದು ಪರೀಕ್ಷೆಯಲ್ಲಿ ಮಾಡಬೇಕಾದ ಬೆಸುಗೆಯ ಜಾಬ್ ಅಭ್ಯಾಸ ಮಾಡುತ್ತಿದ್ದ. ಕಿಡಿಗಳು ಅವನ ಪಾದದ ಸುತ್ತ ಚೆಲ್ಲುತ್ತಿದ್ದವು.

ದುರುಗೇಶ ಹೋಗಿ ಮೆಶೀನಿನ ಸ್ವಿಚ್ ಆರಿಸಿದ.

ಮಾರುತೇಶ ಶೀಲ್ಡ್ ಇಳಿಸಿದ. "ಯಾಕಲೇ?"

"ಬೂಟು ಹಾಕ್ಕೊಂಬಾ."

"ಇನ್ನ ನಾಕು ದಿನ ಮಾಲಿ ಐತಿ ನಂದು. ಮರ್ತಿಯೇನು?"

"ಮರ್ತಿಲ್ಲ. ಬೆಂಕಿಗೆ ಗೊತ್ತಾಗಂಗಿಲ್ಲ ಅದು."

"ಆನ್ ಮಾಡಲೇ ದುರುಗ್ಯಾ. ಪರೀಕ್ಷೆ ಐತಿ."

"ನಾಕು ದಿನ ಬಿಟ್ಟು ಮಾಡು. ಇಲ್ಲಂದ್ರ ನನ್ನ ಕೈ ಮುರದು ಆನ್ ಮಾಡು," ಎಂದು ದುರುಗೇಶ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತ.